ರಂಗಶಂಕರ: ಶಂಕರ್ ನಾಗ್ ಅವರನ್ನು ಅರಿಯಲು ಹೋಗಬೇಕಾದ ಮನೆ

ಬೆಂಗಳೂರಿನ ಜೆ.ಪಿ. ನಗರ ಎರಡನೆಯ ಹಂತದಲ್ಲಿರುವ ರಂಗಶಂಕರ ರಂಗಮಂದಿರದಲ್ಲಿ ಏಳೂವರೆಗೆ ನಾಟಕ ಎಂದು ಪ್ರಕಟಿಸಿದ್ದರೆ ಅದು ಏಳೂವರೆಗೇ ಶುರುವಾಗುತ್ತದೆ. ಆಮೇಲೆ ಬಂದವರು ಯಾರೇ ಆಗಿರಲಿ, ಕೈಯಲ್ಲಿ ಟಿಕೆಟ್ ಇದ್ದರೂ ಒಳಗೆ ಬಿಡುವುದಿಲ್ಲ. ಸಿಲ್ಕ್ ಬೋರ್ಡಿನಲ್ಲೋ ಬನಶಂಕರಿ ವೃತ್ತದಲ್ಲೋ ವಾಹನಗಳ ನಡುವೆ ಸಿಲುಕಿ ಬಂದವರಿಗೆ ಇದು ನಿಷ್ಠುರವೆನಿಸಬಹುದು. ಆದರೆ ಈ ಊರಿನ ಬೇರೊಂದು ಸಭಾಂಗಣದಲ್ಲಿ ಮುಖ್ಯ ಅತಿಥಿಗಳ ದಾರಿ ಕಾಯುತ್ತ ಮುಕ್ಕಾಲು ಗಂಟೆ ಕುಳಿತು, ಕೊನೆಗೆ ನಾಟಕ ಶುರುವಾದ ಮೇಲೂ ಕತ್ತಲಲ್ಲಿ ಕುರ್ಚಿ ಹುಡುಕುವವರ ಮೊಬೈಲ್ ಬೆಳಕನ್ನು ಸಹಿಸಿಕೊಂಡ ನನಗೆ ಈ ನಿಯಮ ಪ್ರೇಕ್ಷಕನಿಗೂ ನಟನಿಗೂ ತೋರಿಸುವ ಗೌರವವಾಗಿಯೇ ಕಾಣುತ್ತದೆ. ಕಳೆದ ತಿಂಗಳು ನನ್ನ ಸೋದರಮಾವನನ್ನು ಮೊದಲ ಬಾರಿಗೆ ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಈ ವಿಮರ್ಶೆಯನ್ನು ಬರೆಯಲು ಆ ಸಂಜೆಯೇ ಕಾರಣ.

ಮಾವ ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದವರು, ಹರೆಯದಿಂದಲೂ ಶಂಕರ್ ನಾಗ್ ಅವರ ಅಭಿಮಾನಿ. 1980ರಲ್ಲಿ ಬಂದ ‘ಆಟೋ ರಾಜ’ವನ್ನು ಎಷ್ಟು ಸಲ ನೋಡಿದರೆಂಬ ಲೆಕ್ಕ ಅವರಿಗೇ ಇಲ್ಲ. ಅವರ ಪಾಲಿಗೆ ಶಂಕರಣ್ಣ ಎಂದರೆ ಖಾಕಿ ಅಂಗಿ, ಹೊಡೆದಾಟ ಮತ್ತು ಆ ಹಣೆಯ ಮೇಲೆ ಬೀಳುವ ಕೂದಲು. ಬೆಂಗಳೂರಿನ ಆಟೋ ನಿಲ್ದಾಣಗಳ ಫಲಕಗಳಲ್ಲಿ, ನವೆಂಬರ್ ತಿಂಗಳ ರಾಜ್ಯೋತ್ಸವದ ಪೆಂಡಾಲುಗಳಲ್ಲಿ ಇಂದಿಗೂ ಉಳಿದಿರುವುದು ಈ ಶಂಕರ್ ನಾಗ್. ಆ ಪ್ರೀತಿಯನ್ನು ಕಡಿಮೆಯೆಂದು ಎಣಿಸುವವನು ನಾನಲ್ಲ. ತೀರಿಕೊಂಡು ಮೂರು ದಶಕ ದಾಟಿದ ನಟನೊಬ್ಬನ ಚಿತ್ರವನ್ನು ದುಡಿಯುವ ಜನ ತಮ್ಮ ಗಾಡಿಯ ಮೇಲೆ ತಾವಾಗಿಯೇ ಅಂಟಿಸಿಕೊಳ್ಳುವುದು ಸಣ್ಣ ಸಂಗತಿಯಲ್ಲ. ಆದರೆ ಆ ಚಿತ್ರದಲ್ಲಿ ಹಿಡಿಸದೆ ಹೊರಗುಳಿದ ಶಂಕರ್ ನಾಗ್ ಬಹಳ ದೊಡ್ಡವರು. ಅವರನ್ನು ಕಾಣಲು ಬೆಂಗಳೂರಿನಲ್ಲಿ ರಂಗಶಂಕರಕ್ಕಿಂತ ಒಳ್ಳೆಯ ಜಾಗ ಇಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕಟ್ಟಡದಿಂದಲೇ ಆರಂಭಿಸುತ್ತೇನೆ. ವಾಸ್ತುಶಿಲ್ಪಿ ಶಾರುಖ್ ಮಿಸ್ತ್ರಿ ಅವರು ರೂಪಿಸಿದ ಈ ರಂಗಮಂದಿರದಲ್ಲಿ ಸುಮಾರು 320 ಆಸನಗಳಿವೆ. ರಂಗವು ಪ್ರೇಕ್ಷಕರ ನಡುವೆ ಚಾಚಿಕೊಂಡಿದ್ದು, ನೋಡುವವರು ಅದನ್ನು ಮೂರು ದಿಕ್ಕಿನಿಂದ ಸುತ್ತುವರಿದು ಕುಳಿತುಕೊಳ್ಳುತ್ತಾರೆ. ಚೌಕಟ್ಟಿನೊಳಗಿನ ಚಿತ್ರದಂತೆ ನಾಟಕವನ್ನು ದೂರದಿಂದ ನೋಡಿ ರೂಢಿಯಾದವರಿಗೆ ಇಲ್ಲಿನ ಹತ್ತಿರ ಮೊದಲು ಸ್ವಲ್ಪ ದಿಗಿಲು ಹುಟ್ಟಿಸುತ್ತದೆ. ನಟಿಯ ಉಸಿರಾಟ, ಸೀರೆಯ ಸರಬರ, ಮಾತು ಆಡದೆ ನುಂಗಿಕೊಂಡಾಗ ಗಂಟಲು ಅಲುಗುವುದು ಎಲ್ಲವೂ ಕಾಣುತ್ತದೆ, ಕೇಳುತ್ತದೆ. ಆಸನಗಳ ಸಾಲುಗಳು ಒಂದಕ್ಕಿಂತ ಒಂದು ಚೆನ್ನಾಗಿ ಎತ್ತರಿಸಿರುವುದರಿಂದ ಮುಂದಿನವರ ತಲೆ ಅಡ್ಡ ಬರುವುದಿಲ್ಲ. ನನ್ನ ಅನುಭವದಲ್ಲಿ ನಡುವಿನ ಭಾಗದ ನಾಲ್ಕೈದನೆಯ ಸಾಲು ಎಲ್ಲಕ್ಕಿಂತ ಉತ್ತಮ. ತೀರ ಪಕ್ಕದ ತುದಿಯಲ್ಲಿ ಕುಳಿತರೆ, ರಂಗದ ಈ ರೂಪವನ್ನು ಅರಿಯದ ನಿರ್ದೇಶಕರ ನಾಟಕಗಳಲ್ಲಿ ನಟರ ಬೆನ್ನನ್ನೇ ಹೆಚ್ಚಾಗಿ ನೋಡಬೇಕಾಗುತ್ತದೆ. ಅದು ಕಟ್ಟಡದ ದೋಷವಲ್ಲ, ಅಲ್ಲಿ ಆಡುವ ತಂಡಗಳು ಕಲಿತುಕೊಳ್ಳಬೇಕಾದ ಪಾಠ.

ಮಾವ ಒಳಗೆ ಕುಳಿತವರೇ ಕೇಳಿದ್ದು, “ಇದಕ್ಕೂ ಶಂಕರಣ್ಣನಿಗೂ ಏನು ಸಂಬಂಧ? ಹೆಸರು ಮಾತ್ರ ಇಟ್ಟಿದ್ದಾರಾ?” ಎಂದು. ನಾಟಕ ಶುರುವಾಗಲು ಇನ್ನೂ ಸಮಯವಿತ್ತು. ನನಗೆ ತಿಳಿದಷ್ಟನ್ನು ಹೇಳಿದೆ.

1954ರ ನವೆಂಬರ್ 9ರಂದು ಹೊನ್ನಾವರದಲ್ಲಿ, ಕೊಂಕಣಿ ಮನೆಮಾತಿನ ಕುಟುಂಬದಲ್ಲಿ ಹುಟ್ಟಿದ ಶಂಕರ ನಾಗರಕಟ್ಟೆ ಅವರನ್ನು ನಟನನ್ನಾಗಿ ಬೆಳೆಸಿದ್ದು ಸಿನಿಮಾ ಅಲ್ಲ, ಮುಂಬಯಿಯ ರಂಗಭೂಮಿ. ಅಲ್ಲಿ ಮರಾಠಿ ನಾಟಕಗಳಲ್ಲಿ ತೊಡಗಿಕೊಂಡಿದ್ದಾಗಲೇ ಅವರಿಗೆ ಮುಂದೆ ಪತ್ನಿಯಾದ ಅರುಂಧತಿಯವರ ಪರಿಚಯವಾದದ್ದು. ಅವರೂ ಹಲವು ಭಾಷೆಗಳ ರಂಗದಲ್ಲಿ ಪಳಗಿದವರು. 1978ರಲ್ಲಿ ಗಿರೀಶ ಕಾರ್ನಾಡರು ನಿರ್ದೇಶಿಸಿದ ‘ಒಂದಾನೊಂದು ಕಾಲದಲ್ಲಿ’ ಚಿತ್ರದ ಕೂಲಿ ಸೈನಿಕ ಗಂಡುಗಲಿಯ ಪಾತ್ರಕ್ಕಾಗಿ ಶಂಕರ್ ನಾಗ್ ಕನ್ನಡಕ್ಕೆ ಬಂದರು. ಆ ಮೊದಲ ಚಿತ್ರದ ಅಭಿನಯಕ್ಕೇ ಭಾರತದ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ದೊರೆಯಿತು. ಆಮೇಲಿನ ಹನ್ನೆರಡು ವರ್ಷಗಳಲ್ಲಿ ಎಂಬತ್ತಕ್ಕೂ ಹೆಚ್ಚು ಚಿತ್ರಗಳಲ್ಲಿ ನಟಿಸಿದರು. ಅವುಗಳಲ್ಲಿ ಹಲವು ಅವಸರದಲ್ಲಿ ತಯಾರಾದ, ಇಂದು ಯಾರೂ ನೆನೆಯದ ಚಿತ್ರಗಳು ಎಂಬುದನ್ನು ಅಭಿಮಾನಿಗಳಾದ ನಾವು ಒಪ್ಪಿಕೊಳ್ಳಬೇಕು. ಅವರ ಪ್ರತಿಭೆ ನಿಜವಾಗಿ ಬೆಳಗಿದ್ದು ತಾವೇ ನಿರ್ದೇಶನಕ್ಕೆ ನಿಂತ ಕಡೆಗಳಲ್ಲಿ: 1980ರ ‘ಮಿಂಚಿನ ಓಟ’, 1981ರ ‘ಗೀತಾ’, ರಾಷ್ಟ್ರಪ್ರಶಸ್ತಿ ಪಡೆದ 1985ರ ‘ಆಕ್ಸಿಡೆಂಟ್’, ರಾಜ್‌ಕುಮಾರ್ ಅವರನ್ನು ನಾಯಕರನ್ನಾಗಿಸಿಕೊಂಡು ಮಾಡಿದ 1987ರ ‘ಒಂದು ಮುತ್ತಿನ ಕಥೆ’. ಇಷ್ಟರ ನಡುವೆಯೇ ಬೆಂಗಳೂರಿನಲ್ಲಿ ‘ಸಂಕೇತ್’ ತಂಡ ಕಟ್ಟಿ ಕನ್ನಡ ನಾಟಕಗಳನ್ನು ಆಡಿಸುತ್ತಿದ್ದರು, ಧ್ವನಿಮುದ್ರಣಕ್ಕೆ ಕನ್ನಡ ಚಿತ್ರಗಳು ಮದರಾಸಿಗೆ ಹೋಗುವ ಪರಿಸ್ಥಿತಿ ತಪ್ಪಲಿ ಎಂದು ಇಲ್ಲಿಯೇ ಸ್ಟುಡಿಯೋ ತೆರೆದಿದ್ದರು.

ದೂರದರ್ಶನದ ವಿಷಯಕ್ಕೆ ಬಂದಾಗ ಮಾವನ ಮುಖ ಅರಳಿತು. ಆರ್.ಕೆ. ನಾರಾಯಣರ ಕಥೆಗಳನ್ನು ಆಧರಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿಯನ್ನು ಎಂಬತ್ತರ ದಶಕದ ಎರಡನೆಯ ಅರ್ಧದಲ್ಲಿ, ಬೀದಿಗೊಂದು ಟಿ.ವಿ. ಇದ್ದ ಕಾಲದಲ್ಲಿ, ಅವರೂ ನೆರೆಮನೆಯ ಹಜಾರದಲ್ಲಿ ಕುಳಿತು ನೋಡಿದವರೇ. ಹಿಂದಿ ಅಷ್ಟಾಗಿ ಬಾರದಿದ್ದರೂ ಆ ಊರು ನಮ್ಮದೇ ಅನ್ನಿಸುತ್ತಿತ್ತು ಎಂದರು. ಅನ್ನಿಸದೆ ಏನು? ಕಲ್ಪನೆಯ ಮಾಲ್ಗುಡಿಗೆ ಶಂಕರ್ ನಾಗ್ ಆರಿಸಿಕೊಂಡದ್ದು ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯನ್ನು. ಅಲ್ಲಿನ ದೊಡ್ಡಮನೆಯ ಕಂಬಗಳು, ಮಳೆಗೆ ಕಪ್ಪಾದ ಹೆಂಚು, ಕೆಸರಿನ ಬೀದಿ ಎಲ್ಲವೂ ಕಥೆಯ ಪಾತ್ರಗಳಾದವು. ಮಾಸ್ಟರ್ ಮಂಜುನಾಥ್ ಸ್ವಾಮಿಯಾದರೆ ಅವನ ತಂದೆಯಾಗಿ ಗಿರೀಶ ಕಾರ್ನಾಡರು ನಟಿಸಿದರು. ಅನಂತ್ ನಾಗ್, ವಿಷ್ಣುವರ್ಧನ್, ವೈಶಾಲಿ ಕಾಸರವಳ್ಳಿ ಮೊದಲಾದ ಕನ್ನಡದ ಕಲಾವಿದರು ದೇಶದ ಮನೆಮನೆಗೆ ತಲುಪಿದರು. ಎಲ್. ವೈದ್ಯನಾಥನ್ ಅವರ ರಾಗ ಎಲ್ಲಿಯಾದರೂ ಕೇಳಿಬಂದರೆ ಈಗಲೂ ಜನ ಮಾತು ನಿಲ್ಲಿಸಿ ತಲೆಯೆತ್ತುತ್ತಾರೆ. ಹೊಸನಗರದ ಕಡೆಯ ಅರಸಾಳು ರೈಲು ನಿಲ್ದಾಣದಲ್ಲಿ ಈಗ ಮಾಲ್ಗುಡಿಯ ಹೆಸರಿನ ಸಂಗ್ರಹಾಲಯವೇ ಇದೆ. ನಟನಾಗಿ ಅವರು ಮಾಡಿದ ಎಲ್ಲವನ್ನೂ ಒಂದು ತಕ್ಕಡಿಯಲ್ಲಿಟ್ಟು ಈ ಧಾರಾವಾಹಿಯೊಂದನ್ನೇ ಇನ್ನೊಂದರಲ್ಲಿಟ್ಟರೂ ನನ್ನ ಮಟ್ಟಿಗೆ ತೂಕ ಈ ಕಡೆಗೇ. ಅಲ್ಲಿ ಯಾವ ನಟನೂ ನಟಿಸುತ್ತಿರುವಂತೆ ತೋರುವುದಿಲ್ಲ. ಅಷ್ಟು ಜನರಿಂದ ಅಷ್ಟು ಸಹಜತೆಯನ್ನು ಹೊರತೆಗೆಯಲು ರಂಗಭೂಮಿಯ ತಾಲೀಮಿನಲ್ಲಿ ಬೆಂದವನಿಗೆ ಮಾತ್ರ ಸಾಧ್ಯ.

1990ರ ಸೆಪ್ಟೆಂಬರ್ 30ರ ಬೆಳಗಿನ ಜಾವ, ಚಿತ್ರೀಕರಣಕ್ಕೆಂದು ಹೊರಟಿದ್ದಾಗ, ದಾವಣಗೆರೆ ಬಳಿಯ ಆನಗೋಡಿನಲ್ಲಿ ನಡೆದ ಅಪಘಾತ ಅವರನ್ನು ಕರೆದೊಯ್ದಿತು. ಆಗ ಅವರಿಗೆ ಮೂವತ್ತಾರು ತುಂಬಿರಲಿಲ್ಲ. ಅದೇ ಕಾರಿನಲ್ಲಿದ್ದ ಅರುಂಧತಿಯವರು ತೀವ್ರವಾಗಿ ಗಾಯಗೊಂಡು, ಮಗಳೊಂದಿಗೆ ಬದುಕುಳಿದರು. ಈ ಭಾಗವನ್ನು ಮಾವನಿಗೆ ಹೇಳುವ ಅಗತ್ಯವಿರಲಿಲ್ಲ, ಆ ದಿನದ ಸುದ್ದಿ ಕಾರ್ಖಾನೆಗೆ ಹೇಗೆ ಬಂತೆಂಬುದನ್ನು ಅವರೇ ಹೇಳಿದರು. ಅವರಿಗೆ ತಿಳಿಯದಿದ್ದುದು ಅದರ ಮುಂದಿನದು: ನಾಟಕಕ್ಕೆಂದೇ ಒಂದು ಮನೆ ಬೇಕು, ತಂಡಗಳಿಗೆ ಅದರ ಬಾಡಿಗೆ ಹೊರೆಯಾಗಬಾರದು ಎಂದು ಶಂಕರ್ ನಾಗ್ ಕಂಡಿದ್ದ ಕನಸನ್ನು ಅರುಂಧತಿ ನಾಗ್ ಕೈಬಿಡಲಿಲ್ಲ. ಸಂಕೇತ್ ಹೆಸರಿನಲ್ಲಿ ಟ್ರಸ್ಟ್ ಕಟ್ಟಿ, ಸರ್ಕಾರದಿಂದ ನಿವೇಶನ ಪಡೆದು, ಸಂಸ್ಥೆಗಳ ಮತ್ತು ಸಾರ್ವಜನಿಕರ ಬಾಗಿಲು ತಟ್ಟಿ ಹಣ ಕೂಡಿಸಿ, 2004ರ ಅಕ್ಟೋಬರ್ 28ರಂದು ರಂಗಶಂಕರದ ಬಾಗಿಲು ತೆರೆದರು. ಅಪಘಾತವಾಗಿ ಆಗ ಹದಿನಾಲ್ಕು ವರ್ಷಗಳಾಗಿದ್ದವು. ದಿನಕ್ಕೊಂದು ನಾಟಕ ಎಂಬ ಸಂಕಲ್ಪ ಆಗ ಹಲವರಿಗೆ ಅತಿಯಾದ ಆಸೆ ಎನಿಸಿದ್ದಿರಬೇಕು. ಇಂದು ಆ ವೇಳಾಪಟ್ಟಿಯನ್ನು ನೋಡಿದರೆ ಕನ್ನಡದ ಜೊತೆಗೆ ಇಂಗ್ಲಿಷ್, ಹಿಂದಿ ಮತ್ತಿತರ ಭಾಷೆಗಳ ನಾಟಕಗಳೂ, ಮಕ್ಕಳಿಗಾಗಿ ‘ಆಹಾ’ ಹೆಸರಿನಲ್ಲಿ ನಡೆಯುವ ಪ್ರಯೋಗಗಳೂ, ವಾರ್ಷಿಕ ನಾಟಕೋತ್ಸವವೂ ಕಾಣಸಿಗುತ್ತವೆ.

ಅಷ್ಟರಲ್ಲಿ ಮೂರನೆಯ ಬೆಲ್ ಆಯಿತು. ಆ ದಿನದ ನಾಟಕ ಹವ್ಯಾಸಿ ತಂಡದ್ದು. ಕಥೆ ಸಾಧಾರಣ, ದ್ವಿತೀಯಾರ್ಧ ಸ್ವಲ್ಪ ಎಳೆದಂತಿತ್ತು, ಆದರೆ ತಾಯಿಯ ಪಾತ್ರ ಮಾಡಿದ ಹುಡುಗಿ ಒಂದು ದೀರ್ಘ ಮೌನವನ್ನು ನಿಭಾಯಿಸಿದ ಬಗೆ ಈ ರಂಗದಲ್ಲಲ್ಲದೆ ಬೇರೆಲ್ಲೂ ನಮಗೆ ಮುಟ್ಟುತ್ತಿರಲಿಲ್ಲ. ಆ ಹೊತ್ತಿನಲ್ಲಿ ಸಭಾಂಗಣದಲ್ಲಿ ಒಂದು ಕೆಮ್ಮೂ ಇರಲಿಲ್ಲ. ತಡವಾಗಿ ಬಂದವರನ್ನು ಬಿಡದಿರುವುದರ, ಒಳಗೆ ತಿಂಡಿ ತರಲು ಅವಕಾಶ ಕೊಡದಿರುವುದರ ಅರ್ಥ ಅಂಥ ಗಳಿಗೆಗಳಲ್ಲಿ ಗೊತ್ತಾಗುತ್ತದೆ.

ಹೋಗುವವರಿಗೆ ಕೆಲವು ಮಾತು. ಟಿಕೆಟ್ ದರ ಮಲ್ಟಿಪ್ಲೆಕ್ಸಿನ ಸಿನಿಮಾಕ್ಕೆ ಹೋಲಿಸಿದರೆ ಹೆಚ್ಚೇನಲ್ಲ, ಅಂತರ್ಜಾಲದಲ್ಲೂ ಸಿಗುತ್ತದೆ. ಹೆಸರಾದ ತಂಡಗಳ ನಾಟಕವಾದರೆ ಮೊದಲೇ ಕಾಯ್ದಿರಿಸುವುದು ಒಳ್ಳೆಯದು. ಸುತ್ತಲಿನದು ವಸತಿ ಪ್ರದೇಶವಾದ್ದರಿಂದ ಕಾರಿಗಿಂತ ಮೆಟ್ರೋ ಅನುಕೂಲ. ಹಸಿರು ಮಾರ್ಗದಲ್ಲಿ ಇಳಿದು ಆಟೋ ಹಿಡಿಯಬಹುದು. ಬೆಂಗಳೂರಿಗೆ ಇಂಥ ರೈಲು ಬೇಕೆಂದು ಎಂಬತ್ತರ ದಶಕದಲ್ಲೇ ಓಡಾಡಿದವರ ಸಾಲಿನಲ್ಲಿ ಶಂಕರ್ ನಾಗ್ ಹೆಸರನ್ನು ಅವರ ಆಪ್ತರು ಹೇಳುವುದುಂಟು. ಅದು ನೆನಪಿದ್ದರೆ ಆ ಪ್ರಯಾಣಕ್ಕೂ ಬೇರೆಯದೇ ಅರ್ಥ ಬರುತ್ತದೆ. ಅರ್ಧ ಗಂಟೆ ಮುಂಚೆ ತಲುಪಿದರೆ ಕೆಫೆಯಲ್ಲಿ ಕುಳಿತುಕೊಳ್ಳಲು ಸಮಯ ಸಿಗುತ್ತದೆ. ಇಲ್ಲಿನ ಅಕ್ಕಿ ರೊಟ್ಟಿಗೆ ರಂಗಪ್ರಿಯರಲ್ಲಿ ತನ್ನದೇ ಹೆಸರಿದೆ. ಆ ಮೇಜುಗಳ ಸುತ್ತ ನಟರು, ಬೆಳಕಿನವರು, ಮೊದಲ ನಾಟಕ ನೋಡಲು ಬಂದ ಕಾಲೇಜು ಹುಡುಗರು ಒಟ್ಟಿಗೇ ಕುಳಿತು ವಾದಿಸುವುದನ್ನು ಕೇಳುವುದೂ ಈ ಸಂಜೆಯ ಒಂದು ಭಾಗ.

ನಾಟಕ ಮುಗಿದು ಹೊರಬಂದ ಮೇಲೆ ಮಾವ ಬಹಳ ಹೊತ್ತು ಮಾತಾಡಲಿಲ್ಲ. ಗೇಟಿನ ಹತ್ತಿರ ಬಂದವರು ನಿಂತು, “ಬರೋ ಭಾನುವಾರ ಏನಿದೆ ನೋಡು. ನಿಮ್ಮತ್ತೇನೂ ಕರ್ಕೊಂಡು ಬರೋಣ, ಮೂರು ಟಿಕೆಟ್ ತಗೋ,” ಎಂದರು.