ಮಾಕುಟ್ಟ ದಾಟುವ ರಿವಾಲ್ವರ್‌ಗೆ ಯಾವ ಹೋಲ್‌ಸ್ಟರ್?

ಕೊಡಗಿನ ವಿರಾಜಪೇಟೆಯಿಂದ ಪೆರುಂಬಾಡಿ, ಮಾಕುಟ್ಟ ಘಾಟಿ ಇಳಿದು ಕೇರಳದ ಇರಿಟ್ಟಿ, ಮಟ್ಟನ್ನೂರಿನ ಕಡೆ ಹೋಗುವವರ ಸೊಂಟದ .32 ರಿವಾಲ್ವರ್‌ಗೆ ಪೇಟೆಯಲ್ಲಿ ಮೂರು ಬಗೆಯ ಹೋಲ್‌ಸ್ಟರ್ ಸಿಗುತ್ತವೆ: ಚರ್ಮದ್ದು, ನೈಲಾನಿನದ್ದು, ಕೈಡೆಕ್ಸ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನದ್ದು. ಕೊಡಗಿನ ಮಳೆಗೆ ಹೇಳಿಮಾಡಿಸಿದ್ದು ಕೈಡೆಕ್ಸ್. ಚರ್ಮ ಬೇಸಿಗೆಗೆ ಸರಿ. ನೈಲಾನ್ ಬೇಡವೇ ಬೇಡ.

ಮೊದಲು ಕಾಗದದ ಮಾತು. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೂ ಲೈಸೆನ್ಸಿಲ್ಲದೆ ಕೋವಿ ಇಟ್ಟುಕೊಳ್ಳಲು ಇರುವ ವಿನಾಯಿತಿ 2029ರ ಅಕ್ಟೋಬರ್ 31ರವರೆಗೆ ಊರ್ಜಿತದಲ್ಲಿದೆ, ನಿಜ. ಆದರೆ ಅದು ರೈಫಲ್ ಮತ್ತು ಬಂದೂಕಿಗೆ ಮಾತ್ರ. ರಿವಾಲ್ವರ್, ಪಿಸ್ತೂಲಿಗೆ ಉಳಿದೆಲ್ಲರಂತೆ ಲೈಸೆನ್ಸೇ ಬೇಕು. ಅದರಲ್ಲಿ ಯಾವ ಪ್ರದೇಶಕ್ಕೆ ಅನ್ವಯ ಎಂಬ ಕಡೆ ಕರ್ನಾಟಕವೊಂದೇ ಇದ್ದರೆ ಕೇರಳ ಗಡಿಯ ಕೂಟುಪುಳ ಸೇತುವೆಯ ಆಚೆಗೆ ಅದಕ್ಕೆ ಬೆಲೆಯಿಲ್ಲ. ಎಷ್ಟು ದುಬಾರಿಯ ಹೋಲ್‌ಸ್ಟರ್ ಕಟ್ಟಿದರೂ ಈ ತೂತು ಮುಚ್ಚದು.

2016ರ ಶಸ್ತ್ರಾಸ್ತ್ರ ನಿಯಮಗಳು ಹೋಲ್‌ಸ್ಟರನ್ನು ಶೋಕಿಗೆ ಬಿಟ್ಟಿಲ್ಲ. ಸಾರ್ವಜನಿಕ ಸ್ಥಳದಲ್ಲಿ ಕೈಬಂದೂಕು ಅದಕ್ಕೆಂದೇ ಮಾಡಿದ ಒರೆಯಲ್ಲಿ, ಮೈಗೆ ಅಂಟಿಕೊಂಡು, ಪೂರ್ತಿ ಮುಚ್ಚಿರಬೇಕು. ಹಿಡಿತವೂ ಒಯ್ಯುವವನದ್ದೇ ಆಗಿರಬೇಕು. ಡ್ಯಾಶ್‌ಬೋರ್ಡಿನ ಖಾನೆ, ಸೀಟಿನ ಅಡಿ ಇವೆರಡೂ ಲೆಕ್ಕಕ್ಕಿಲ್ಲ. ಹಿಡಿ ಹೊರಗೆ ಕಾಣುವ ಹೋಲ್‌ಸ್ಟರ್ ಕೊಂಡರೆ ಮೇಲೆ ಜಾಕೆಟ್ ಬೇಕೇ ಬೇಕು. ಬಗ್ಗಿದಾಗಲೂ ಅದರ ಅಂಚು ಮೇಲೇರಬಾರದು.

ಚರ್ಮದ ತಕರಾರು ಶುರುವಾಗುವುದು ಜೂನ್‌ನಲ್ಲಿ. ಚರ್ಮ ತೇವ ಹೀರಿ ಹಿಡಿದಿಟ್ಟುಕೊಳ್ಳುತ್ತದೆ, ಹದ ಮಾಡುವಾಗ ಉಳಿದ ಲವಣಗಳು ಆ ತೇವದ ಜೊತೆ ಸೇರಿ ಉಕ್ಕಿಗೆ ತುಕ್ಕು, ತೋಟೆಯ ಹಿತ್ತಾಳೆಗೆ ಹಸಿರು ಕಿಲುಬು ಹಿಡಿಸುತ್ತವೆ. ಕೊಡವರ ಮಳೆಗಾಲದ ತಿಂಗಳು ಕಕ್ಕಡದಲ್ಲಿ ಒಳಗೆ ಬೂಷ್ಟು ಬೇರೆ. ಆಯುಧ ಪೂಜಿಸುವ ಕೈಲ್ ಪೊಳ್ದ್ ಹಬ್ಬಕ್ಕೆ ಹಚ್ಚಿದ ಗಂಧದ ಬೊಟ್ಟನ್ನೂ ಒರೆಸದೆ ಹೋಲ್‌ಸ್ಟರಿಗೆ ತುರುಕಿದರೆ ಆ ಜಾಗದಲ್ಲೇ ಮೊದಲ ಕಲೆ. ಚರ್ಮವೇ ಇಷ್ಟ ಎನ್ನುವವರು ಊರು ಮುಟ್ಟಿದ ಕೂಡಲೇ ರಿವಾಲ್ವರ್ ಹೊರತೆಗೆದು ಎಣ್ಣೆಬಟ್ಟೆಯಲ್ಲಿ ಒರೆಸಿ, ಹೋಲ್‌ಸ್ಟರನ್ನು ನೆರಳಲ್ಲಿ ಒಣಗಿಸಬೇಕು. ಒಲೆಯ ಬಳಿ ಇಟ್ಟರೆ ಚರ್ಮ ಸೆಟೆದು ಬಿರಿಯುತ್ತದೆ.

ನೈಲಾನ್ ಅಗ್ಗ. ಆದರೆ ರಿವಾಲ್ವರ್ ತೆಗೆದೊಡನೆ ಬಾಯಿ ಮುದುಡಿಕೊಳ್ಳುತ್ತದೆ. ಮತ್ತೆ ಇಡುವಾಗ ಆ ಮಡಿಕೆ ಟ್ರಿಗರ್‌ಗೆ ಸಿಕ್ಕಿಕೊಳ್ಳುವ ಅಪಾಯವಿದೆ. ಒಳಗಿನ ಸ್ಪಂಜು ಒಣಗಲು ದಿನಗಟ್ಟಲೆ ಬೇಕು.

ಕೈಡೆಕ್ಸ್ ನೀರು ಕುಡಿಯದು, ಬಾಯಿ ಗಟ್ಟಿ, ಟ್ರಿಗರ್ ಪೂರ್ತಿ ಮುಚ್ಚುತ್ತದೆ. ದೋಷವೂ ಇದೆ: ಒಳಗೆ ಸೇರಿದ ಮಣ್ಣಿನ ಕಣ ಲೋಹದ ಮೇಲೆ ಗೀರು ಎಳೆಯುತ್ತದೆ, ಆಗಾಗ ತೊಳೆಯಬೇಕು. ಘಾಟಿಯ ಕುಲುಕಾಟಕ್ಕೆ ಸ್ಕ್ರೂ ಸಡಿಲವಾಗುತ್ತದೆ. ಸ್ಕ್ರೂ ಬಿಗಿಹಿಡಿಯುವ ಅಂಟು, ನೀಲಿ ಥ್ರೆಡ್‌ಲಾಕರ್, ಒಂದು ಹನಿ ಸಾಕು. ಮಾದರಿ ನೋಡಿಯೇ ಕೊಳ್ಳಿ. 2023ರಲ್ಲಿ ಬಂದ ‘ಪ್ರಬಲ್’ ರಿವಾಲ್ವರ್ ಸಿಲಿಂಡರ್ ಪಕ್ಕಕ್ಕೆ ತೆರೆಯುವಂಥದ್ದು, ‘ನಿರ್ಭೀಕ್’ ಮಧ್ಯಕ್ಕೆ ಮುರಿದು ತೆರೆಯುವಂಥದ್ದು. ಒಂದರ ಅಚ್ಚು ಇನ್ನೊಂದಕ್ಕೆ ಕೂರುವುದಿಲ್ಲ. ಪಿಸ್ತೂಲಿನ ಹೋಲ್‌ಸ್ಟರಿಗಂತೂ ಸಿಲಿಂಡರಿನ ಉಬ್ಬು ಇಳಿಯುವುದೇ ಇಲ್ಲ. ಅಂಗಡಿಯಲ್ಲೇ ಖಾಲಿ ರಿವಾಲ್ವರನ್ನು, ಖಾಲಿ ಎಂದು ಎರಡು ಬಾರಿ ನೋಡಿದ ಮೇಲೆ, ಇಟ್ಟು ತಲೆಕೆಳಗಾಗಿ ಕುಲುಕಿ. ಬಿದ್ದರೆ ಬೇಡ.

ಬೆಲ್ಟಿನ ಬಗ್ಗೆ ಯಾರೂ ಯೋಚಿಸುವುದಿಲ್ಲ. ಪ್ರಬಲ್ ಸುಮಾರು 700 ಗ್ರಾಂ ತೂಗುತ್ತದೆ. ತೆಳು ಬೆಲ್ಟಾದರೆ ಜೋತುಬಿದ್ದು ಹಿಡಿ ಹೊರಕ್ಕೆ ವಾಲುತ್ತದೆ. ಹೋಲ್‌ಸ್ಟರಿನ ಕುಣಿಕೆಯ ಅಗಲಕ್ಕೆ ಸರಿಹೊಂದುವ, ಎರಡು ಪದರದ ಗಟ್ಟಿ ಬೆಲ್ಟ್ ಬೇಕು. ಕೂರುವ ಜಾಗವೂ ಮುಖ್ಯ: ನಮ್ಮ ಕಾರುಗಳಲ್ಲಿ ಡ್ರೈವರ್‌ನ ಸೀಟ್ ಬೆಲ್ಟ್ ಬಕಲ್ ಎಡಕ್ಕಿರುವುದರಿಂದ ಬಲಸೊಂಟದ ಹೋಲ್‌ಸ್ಟರಿಗೆ ಅಷ್ಟು ತೊಂದರೆಯಿಲ್ಲ. ಪಕ್ಕದ ಸೀಟಿನವರಿಗೆ ಬಕಲ್ ನೇರ ಹಿಡಿಗೇ ಬಡಿಯುತ್ತದೆ.

ಕುಟ್ಟ–ತೋಲ್ಪೆಟ್ಟಿ ದಾರಿ ಹಿಡಿಯುವವರಿಗೆ ಒಂದು ಎಚ್ಚರಿಕೆ. ಅದು ವಯನಾಡ್ ವನ್ಯಜೀವಿಧಾಮದೊಳಗೆ ಹಾಯುತ್ತದೆ. 1972ರ ವನ್ಯಜೀವಿ ಕಾಯ್ದೆಯ 31ನೇ ಸೆಕ್ಷನ್ ಪ್ರಕಾರ ಲಿಖಿತ ಅನುಮತಿ ಇಲ್ಲದೆ ಅಭಯಾರಣ್ಯಕ್ಕೆ ಆಯುಧ ಒಯ್ಯುವಂತಿಲ್ಲ. ಲೈಸೆನ್ಸ್ ಆ ಅನುಮತಿಯಾಗದು.

ಬೀಗದ ಗಟ್ಟಿ ಪೆಟ್ಟಿಗೆ ಬೇಕಾಗುವುದು ಕಣ್ಣೂರಿನಿಂದ ವಿಮಾನ ಹತ್ತುವವರಿಗೆ. ವಿಮಾನ ಸಂಸ್ಥೆಗೆ ಮೊದಲೇ ತಿಳಿಸಿ, ಚೆಕ್-ಇನ್ ಕೌಂಟರಿನಲ್ಲೇ ಘೋಷಿಸಿ, ಮೂಲ ಲೈಸೆನ್ಸ್ ತೋರಿಸಬೇಕು. ರಿವಾಲ್ವರ್ ಖಾಲಿ, ತೋಟೆ ಬೇರೆ ಪೊಟ್ಟಣದಲ್ಲಿ. ಎರಡೂ ಹೋಗುವುದು ಚೆಕ್-ಇನ್ ಲಗೇಜಿನಲ್ಲಿ. ಜೇಬಿನಲ್ಲಿ ಮರೆತ ಒಂದೇ ಒಂದು ತೋಟೆ ಸಾಕು, ಭದ್ರತಾ ತಪಾಸಣೆಯಲ್ಲಿ ಪ್ರಯಾಣ ನಿಲ್ಲುತ್ತದೆ. ಪೆಟ್ಟಿಗೆಯ ಸ್ಪಂಜು ತೇವ ಹಿಡಿದಿಡುತ್ತದೆ, ಅದರಲ್ಲೊಂದು ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಊರು ಸೇರಿದ ಮೇಲೆ ರಿವಾಲ್ವರನ್ನು ಅದರಲ್ಲೇ ಬಿಡಬೇಡಿ.