ಕಾರಿಲ್ಲದೆ ಎರಡು ದಿನ: ಹುಬ್ಬಳ್ಳಿಯಿಂದ ಕಾರವಾರವೋ, ಪಣಜಿಯೋ?

ಶನಿವಾರ ಬೆಳಗ್ಗೆ ಹೊರಟು ಭಾನುವಾರ ರಾತ್ರಿ ಮನೆ ಸೇರಬೇಕು, ಕಾರು ಬೇಡ, ಕಾಲಿಗೆ ನೀರು ತಾಗಬೇಕು. ಹುಬ್ಬಳ್ಳಿ-ಧಾರವಾಡದವರ ಮುಂದೆ ಆಗ ಬರುವ ಹೆಸರು ಎರಡೇ, ಕಾರವಾರ ಮತ್ತು ಪಣಜಿ. ನಕ್ಷೆಯಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ದೂರ. ಕಾರವಾರ ಸುಮಾರು 165 ಕಿ.ಮೀ., ಪಣಜಿ 180ರಿಂದ 190. ಕಾರಿದ್ದವರಿಗೆ ಅಷ್ಟೇ ವ್ಯತ್ಯಾಸ. ಬಸ್ಸು-ರೈಲು ನಂಬಿ ಹೋಗುವವರಿಗೆ ಮಾತ್ರ ಲೆಕ್ಕ ಬೇರೆ: ದಾರಿ ಎಷ್ಟು ಉದ್ದ ಎನ್ನುವುದಕ್ಕಿಂತ ಗಾಡಿ ಇಳಿಸಿದ ಜಾಗದಿಂದ ನೀರು ಎಷ್ಟು ದೂರ, ನಡುವೆ ಎಷ್ಟು ಸಲ ಗಾಡಿ ಬದಲಿಸಬೇಕು, ಭಾನುವಾರ ಸಂಜೆ ವಾಪಸ್ಸು ಏನು ಸಿಗುತ್ತದೆ ಎನ್ನುವುದರ ಮೇಲೆ ಎಲ್ಲ ನಿಂತಿದೆ.

ಮೂರು ದಾರಿಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ: ಕಾರವಾರಕ್ಕೆ ಬಸ್ಸು, ಪಣಜಿಗೆ ಬಸ್ಸು, ಪಣಜಿಗೆ ರೈಲು. ಕಾರವಾರಕ್ಕೆ ರೈಲು ಯಾಕಿಲ್ಲ ಎಂದು ಕೇಳುವವರಿಗೆ ಮೊದಲೇ ಉತ್ತರ ಕೊಟ್ಟುಬಿಡುವುದು ಒಳ್ಳೆಯದು. ಹುಬ್ಬಳ್ಳಿ-ಅಂಕೋಲಾ ರೈಲು ಮಾರ್ಗ ದಶಕಗಳಿಂದ ಕಾಗದದ ಮೇಲಿದೆ, ಕಾಡಿನ ತಕರಾರು ಮುಗಿದಿಲ್ಲ. ಮಡಗಾಂವಕ್ಕೆ ಹೋಗಿ ಕೊಂಕಣ ರೈಲು ಹಿಡಿದು ಕೆಳಗೆ ಬರಬಹುದು. ಆದರೆ ಕಾರವಾರದ ನಿಲ್ದಾಣ ಇರುವುದು ಊರ ಹೊರಗೆ ಶಿರವಾಡದಲ್ಲಿ. ಅಲ್ಲಿಂದ ಮತ್ತೆ ಆಟೋ. ಅರ್ಧ ದಿನ ಅದರಲ್ಲೇ ಹೋಗುತ್ತದೆ, ಬಿಡಿ.

ಕಾರವಾರಕ್ಕೆ ಬಸ್ಸು

ಕಲಘಟಗಿ, ಯಲ್ಲಾಪುರ, ಅರಬೈಲು ಘಾಟಿ, ಅಂಕೋಲಾ, ಕಾರವಾರ. ನೇರ ಬಸ್ಸಿಗೆ ನಾಲ್ಕರಿಂದ ನಾಲ್ಕೂವರೆ ತಾಸು. ಬೆಳಗ್ಗೆ ಆರು-ಆರೂವರೆಯ ಗಾಡಿ ಹಿಡಿದರೆ ಮೀನೂಟದ ಹೊತ್ತಿಗೆ ಮೊದಲೇ ಊರಲ್ಲಿರುತ್ತೀರಿ. ಹುಬ್ಬಳ್ಳಿಯಲ್ಲಿ ಹಳೇ ಬಸ್ ನಿಲ್ದಾಣ, ಹೊಸೂರು, ಗೋಕುಲ ರಸ್ತೆ ಹೀಗೆ ಮೂರು ನಿಲ್ದಾಣಗಳಿರುವುದರಿಂದ, ಮುಂಗಡ ಟಿಕೆಟ್ ತೆಗೆದವರು ಹತ್ತುವ ಜಾಗದ ಹೆಸರನ್ನು ಟಿಕೆಟ್‌ನಲ್ಲಿ ಒಮ್ಮೆ ಓದಿಕೊಳ್ಳಬೇಕು. ಧಾರವಾಡದಿಂದ ಚಿಗರಿ ಬಸ್ಸು ಹತ್ತಿ ಬರುವವರು ಇದಕ್ಕೆಂದೇ ಅರ್ಧ ತಾಸು ಹೆಚ್ಚು ಇಟ್ಟುಕೊಳ್ಳಿ.

ಅರಬೈಲು ಘಾಟಿಯಲ್ಲಿ ಹೊಟ್ಟೆ ತೊಳಸುವವರು ಬಹಳ. ಹಿಂದಿನ ಚಕ್ರದ ಆಚೆಗಿನ ಸಾಲುಗಳಲ್ಲಿ ತೂಗಾಟ ಹೆಚ್ಚು, ಅಲ್ಲಿ ಕೂರಬೇಡಿ. ಮುಂದಿನ ಬಾಗಿಲಿನಿಂದ ಮೂರನೇ-ನಾಲ್ಕನೇ ಸಾಲು ಸರಿ. ಯಲ್ಲಾಪುರದಲ್ಲಿ ಗಾಡಿ ಚಹಾಕ್ಕೆ ನಿಲ್ಲುತ್ತದೆ. ಅಲ್ಲಿ ಎಣ್ಣೆಯ ತಿಂಡಿ ತಿಂದು ಘಾಟಿ ಇಳಿದರೆ ಏನಾಗುತ್ತದೆಂದು ಬೇರೆ ಹೇಳಬೇಕಿಲ್ಲ. ಮೊಬೈಲ್ ನೋಡುತ್ತ ಇಳಿಯುವವರಿಗೂ ಅದೇ ಗತಿ.

ಖರ್ಚಿನಲ್ಲಿ ಕಾರವಾರಕ್ಕೆ ಎದುರಿಲ್ಲ. 2023ರ ಜೂನ್ 11ರಿಂದ ಇರುವ ಶಕ್ತಿ ಯೋಜನೆ ರಾಜ್ಯದೊಳಗಿನ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಿಗೆ ಅನ್ವಯಿಸುವುದರಿಂದ ಮನೆಯ ಹೆಣ್ಣುಮಕ್ಕಳಿಗೆ ಶೂನ್ಯ ಟಿಕೆಟ್. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಕೈಯಲ್ಲಿರಲಿ, ಟಿಕೆಟನ್ನು ಇಳಿಯುವವರೆಗೆ ಎಸೆಯಬೇಡಿ, ತಪಾಸಣೆಗೆ ಹತ್ತುವವರು ಅದನ್ನೇ ಕೇಳುವುದು. ಗೋವಾಕ್ಕೆ ಹೋಗುವ ಅಂತರರಾಜ್ಯ ಬಸ್ಸಿನಲ್ಲಿ ಈ ಸೌಲಭ್ಯ ನಡೆಯುವುದಿಲ್ಲ. ಮೂವರು ಹೆಂಗಸರು, ಒಬ್ಬ ಗಂಡಸು ಹೊರಟ ಮನೆಯಲ್ಲಿ ಕಾರವಾರದ ಹೋಗಿಬರುವ ಖರ್ಚೆಂದರೆ ಒಬ್ಬನ ಟಿಕೆಟ್ ಮಾತ್ರ. 2025ರ ಜನವರಿಯಲ್ಲಿ ದರ ಶೇ 15 ಏರಿದ ಮೇಲೆ ಈ ವ್ಯತ್ಯಾಸ ಇನ್ನೂ ಕಣ್ಣಿಗೆ ಹೊಡೆಯುತ್ತದೆ.

ಇಳಿದ ಮೇಲಿನ ನಡಿಗೆಯೇ ಕಾರವಾರದ ನಿಜವಾದ ಬಲ. ನಿಲ್ದಾಣದಿಂದ ಹತ್ತು-ಹದಿನೈದು ನಿಮಿಷ ಕಾಲು ಹಾಕಿದರೆ ರವೀಂದ್ರನಾಥ ಟ್ಯಾಗೋರ್ ಕಡಲತೀರ. ವಸತಿಗೃಹಗಳೂ ನಿಲ್ದಾಣದ ಸುತ್ತ ಮತ್ತು ಗ್ರೀನ್ ಸ್ಟ್ರೀಟ್‌ನ ಆಸುಪಾಸು ಇರುವುದರಿಂದ ಚೀಲ ಹೊತ್ತು ಆಟೋ ಹುಡುಕುವ ಕೆಲಸವಿಲ್ಲ. ತೀರದಲ್ಲೇ 1971ರ ಯುದ್ಧದ ಕಾಲದ ಮಾದರಿಯ ಕ್ಷಿಪಣಿ ದೋಣಿ ಐಎನ್‌ಎಸ್ ಚಪಲ್ ಮ್ಯೂಸಿಯಂ ಆಗಿ ನಿಂತಿದೆ, ಪಕ್ಕದಲ್ಲಿ ನೌಕಾಪಡೆಯ ಟುಪೊಲೆವ್ ಟಿಯು-142 ವಿಮಾನ. ಮಕ್ಕಳಿದ್ದರೆ ಇವೆರಡಕ್ಕೇ ಒಂದು ಸಂಜೆ ಬೇಕು. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ಯುವಕ ರವೀಂದ್ರನಾಥರು ಬಂದು ಉಳಿದಿದ್ದರು. ಹಾಗಾಗಿ ತೀರಕ್ಕೆ ಆ ಹೆಸರು.

ಎರಡನೇ ದಿನ ಬೆಳಗ್ಗೆ ಕೋಡಿಬಾಗ ಕಡೆಯ ಕಾಳಿ ನದಿಯ ಮುಖ, ಸೇತುವೆ ದಾಟಿದರೆ ಸದಾಶಿವಗಡ. ಸ್ಥಳೀಯ ಬಸ್ಸುಗಳಿವೆ. 2024ರ ಆಗಸ್ಟ್ 7ರ ನಡುರಾತ್ರಿ ಹಳೇ ಸೇತುವೆ ಕುಸಿದು ಲಾರಿಯೊಂದು ನದಿಗೆ ಬಿದ್ದದ್ದು ನೆನಪಿರಬಹುದು. ಆಮೇಲೆ ಸಂಚಾರವೆಲ್ಲ ಹೊಸ ಸೇತುವೆಗೆ ಹೊರಳಿತು. ನಡೆದು ದಾಟುವ ಆಸೆ ಬೇಡ, ಬಸ್ಸಲ್ಲೇ ಹೋಗಿ. ಸ್ವಲ್ಪ ನಡೆಯುವ ಉತ್ಸಾಹವಿದ್ದವರಿಗೆ ಗೋವಾ ಗಡಿಯ ಬಳಿಯ ಮಾಜಾಳಿ: ಅಲ್ಲಿ ಇಳಿದು ಗುಡ್ಡದ ಅಂಚಿನ ಕಾಲುದಾರಿಯಲ್ಲಿ ಹೋದರೆ ತಿಳ್‌ಮಾತಿ ತೀರ. ಮರಳು ಎಳ್ಳಿನಷ್ಟು ಕಪ್ಪು, ಎಳ್ಳಿನಷ್ಟೇ ಗಾತ್ರ. ಅಂಗೈಯಲ್ಲಿ ತೆಗೆದುಕೊಂಡರೆ ನಮ್ಮ ಕಡೆಯ ಎರೆಮಣ್ಣಿನಂತೆ ಮೆತ್ತಿಕೊಳ್ಳದೆ ಉದುರಿ ಹೋಗುತ್ತದೆ. ಅಲ್ಲಿ ಅಂಗಡಿ ಇಲ್ಲ. ಒಬ್ಬರಿಗೆ ಒಂದು ಲೀಟರ್ ನೀರು ಕಡ್ಡಾಯ. ಭರತದ (ಕಡಲು ಉಕ್ಕುವ) ಹೊತ್ತಿನಲ್ಲಿ ಬಂಡೆಯ ಅಂಚಿನಲ್ಲಿ ಸುತ್ತಿಕೊಂಡು ಹೋಗುವ ಸಾಹಸ ಬೇಡ, ಮೇಲಿನ ದಾರಿಯೇ ಇರಲಿ.

ಕಾರವಾರದ ಕೊರತೆಯೂ ಇದೆ. ಸಂಜೆ ಏಳರ ಮೇಲೆ ಊರು ಬೇಗ ಮಲಗುತ್ತದೆ. ಬೈತಖೋಲದಿಂದ ಅರಗಾವರೆಗೆ ದಕ್ಷಿಣದ ಚಂದದ ತೀರಗಳಲ್ಲಿ ಬಹಳಷ್ಟು ಬಂದರು ಮತ್ತು ನೌಕಾನೆಲೆಯ ಪಾಲಾಗಿವೆ. ಅಂಜುದೀವ್ ದ್ವೀಪಕ್ಕೆ ಸಾಮಾನ್ಯರಿಗೆ ಪ್ರವೇಶವಿಲ್ಲ. ಹಳೇ ಬರಹ ಓದಿ ಅದನ್ನು ಪಟ್ಟಿಯಲ್ಲಿ ಸೇರಿಸಿಕೊಳ್ಳಬೇಡಿ.

ಪಣಜಿಗೆ ಬಸ್ಸು

ಎರಡು ದಾರಿ. ಧಾರವಾಡ-ಅಳ್ನಾವರ-ಲೋಂಡಾ-ಅನಮೋಡ-ಫೋಂಡಾ ಒಂದು, ಬೆಳಗಾವಿ-ಚೋರ್ಲಾ ಇನ್ನೊಂದು. ಐದರಿಂದ ಆರು ತಾಸು. ವಾಯವ್ಯ ಸಾರಿಗೆಯೂ ಓಡಿಸುತ್ತದೆ, ಗೋವಾದ ಕದಂಬವೂ ಓಡಿಸುತ್ತದೆ. ಟಿಕೆಟ್ ತೆಗೆಯುವಾಗ ಯಾವ ಘಾಟಿ ಎಂದು ಕೇಳಿ. ಬೆಳಗಾವಿ ಸುತ್ತಿಕೊಂಡು ಹೋಗುವ ಗಾಡಿಯಲ್ಲಿ ಧಾರವಾಡದವರಿಗೆ ಸೀಟು ಸಿಕ್ಕೀತು, ಹೊತ್ತು ಉಳಿಯದು.

ಪಣಜಿಯ ಕದಂಬ ನಿಲ್ದಾಣ ಇರುವುದು ಪಾಟ್ಟೊದಲ್ಲಿ, ಔರೇಮ್ ತೊರೆಯ ದಂಡೆಗೆ. ಹಾಗಾಗಿ ಇಲ್ಲೂ ಇಳಿದದ್ದು ನೀರಿನ ಪಕ್ಕಕ್ಕೇ. ತೊರೆ ದಾಟಿ ಹತ್ತು ನಿಮಿಷ ನಡೆದರೆ ಫೌಂಟೇನ್ಹಾಸ್ ಓಣಿಗಳು, ಅಲ್ಲಿಂದ ಇಮ್ಯಾಕ್ಯುಲೇಟ್ ಕನ್ಸೆಪ್ಶನ್ ಚರ್ಚಿನ ಮೆಟ್ಟಿಲು, ಮುಂದೆ ಮಾಂಡೋವಿ ದಂಡೆಯ ರಸ್ತೆ, ಫೆರಿ ಧಕ್ಕೆ. ಎಲ್ಲ ಸೇರಿಸಿ ಎರಡೂವರೆ ಕಿ.ಮೀ. ಆಗಬಹುದು. ಈ ಓಣಿಗಳಲ್ಲಿ ಕಾರು ತಂದವರೇ ನಿಲ್ಲಿಸಲು ಜಾಗವಿಲ್ಲದೆ ಒದ್ದಾಡುವುದನ್ನು ನೋಡಿದರೆ ಬಸ್ಸಲ್ಲಿ ಬಂದದ್ದು ಸಾರ್ಥಕ ಅನ್ನಿಸುತ್ತದೆ. ಆದರೆ ಅಲ್ಲಿ ಜನ ವಾಸವಿದ್ದಾರೆ. ಬಾಗಿಲಲ್ಲಿ, ಕಿಟಕಿಯಲ್ಲಿ ನಿಂತು ಫೋಟೋ ತೆಗೆಯುವವರನ್ನು ಬೈದು ಕಳಿಸುತ್ತಾರೆ, ಬೈಯುವುದು ನ್ಯಾಯವೇ.

ಫೆರಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಪಣಜಿಯಲ್ಲಿ ಕಾರಿಲ್ಲದವರಿಗೆ ಸಿಗುವ ಅತ್ಯುತ್ತಮ ಸವಾರಿ ಅದು. ಪಣಜಿ-ಬೇತಿ ದೋಣಿಗೆ ಪಾದಚಾರಿಗಳು ಟಿಕೆಟ್ ತೆಗೆಯಬೇಕಿಲ್ಲ. ಚಪ್ಪಟೆ ತಳದ ದೋಣಿ ಧಕ್ಕೆಗೆ ಮೂತಿ ಕೊಟ್ಟು ಕಬ್ಬಿಣದ ಹಲಗೆ ಇಳಿಸಿದ ಕ್ಷಣ ಸ್ಕೂಟರುಗಳು ಒಟ್ಟಿಗೆ ನುಗ್ಗಿ ಹೊರಬರುತ್ತವೆ. ಆ ಸಾಲಿನ ಎದುರು ನಿಲ್ಲಬೇಡಿ, ಬಲಕ್ಕೋ ಎಡಕ್ಕೋ ಗೋಡೆಗೆ ಒತ್ತಿ ನಿಂತು ಕೊನೆಯ ಗಾಡಿ ಇಳಿದ ಮೇಲೆ ಹತ್ತಿ. ಹಲಗೆ ಯಾವಾಗಲೂ ಒದ್ದೆ, ಪಾಚಿ ಕಟ್ಟಿರುತ್ತದೆ, ನುಣ್ಣನೆಯ ಅಟ್ಟೆಯ ಚಪ್ಪಲಿ ಜಾರುತ್ತದೆ. ದಾಟಲು ಐದಾರು ನಿಮಿಷ. ಆಚೆ ಬೇತಿಯಿಂದ ನದಿಯ ದಂಡೆಗುಂಟ ರೇಯಿಸ್ ಮಾಗೋಸ್ ಕೋಟೆಗೆ ನಡೆದೇ ಹೋಗಬಹುದು. ಸೋಮವಾರ ಅದು ಮುಚ್ಚಿರುತ್ತದೆ.

ಓಲ್ಡ್ ಗೋವಾ ಹತ್ತು ಕಿ.ಮೀ., ಕದಂಬ ನಿಲ್ದಾಣದಿಂದಲೇ ಬಸ್ಸು. ಬಾಮ್ ಜೀಸಸ್ ಬೆಸಿಲಿಕಾಕ್ಕೆ ಭಾನುವಾರ ಬೆಳಗ್ಗೆ ಹೋಗುವ ಯೋಜನೆ ಹಾಕಬೇಡಿ, ಅದು ಪ್ರಾರ್ಥನೆಯ ಹೊತ್ತು. ಶನಿವಾರ ಮಧ್ಯಾಹ್ನವೇ ಮುಗಿಸಿ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಇರಲಿ. ಫೋಂಡಾ ಮಾರ್ಗದ ಹುಬ್ಬಳ್ಳಿ ಬಸ್ಸು ಓಲ್ಡ್ ಗೋವಾ ಮೇಲಿಂದಲೇ ಬರುತ್ತದೆ. ಬೆನ್ನಿಗೆ ಒಂದೇ ಚೀಲವಿದ್ದರೆ ಅಲ್ಲೇ ಇಳಿದು ನೋಡಿಕೊಂಡು ಮುಂದಿನ ಲೋಕಲ್ ಬಸ್ಸಿಗೆ ಪಣಜಿಗೆ ಹೋಗಬಹುದು, ಒಂದು ತಾಸು ಉಳಿತಾಯ.

ಪಣಜಿಯಲ್ಲಿ ಕೈಕೊಡುವುದು ರಾತ್ರಿ. ಎಂಟರ ಮೇಲೆ ಲೋಕಲ್ ಬಸ್ಸುಗಳು ಒಂದೊಂದಾಗಿ ಕಣ್ಮರೆ. ಓಲಾ, ಊಬರ್ ಅಲ್ಲಿಲ್ಲ. ಗೋವಾಮೈಲ್ಸ್ ಆ್ಯಪ್ ಅಥವಾ ಹಳದಿ-ಕಪ್ಪು ಬೈಕಿನ ಪೈಲಟ್‌ಗಳು. ಪೈಲಟ್ ಹಿಂದೆ ಕೂರುವ ಮೊದಲೇ ದರ ಮಾತಾಡಿಕೊಳ್ಳಿ. ವಸತಿ ಮೀರಾಮಾರ್‌ನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಹಿಡಿದರೆ ರಾತ್ರಿಯ ಮೂರು ಕಿ.ಮೀ. ಟ್ಯಾಕ್ಸಿ ಆ ಉಳಿತಾಯವನ್ನು ನುಂಗುತ್ತದೆ. ಪಾಟ್ಟೊ, ಚರ್ಚ್ ಆಸುಪಾಸು ಸ್ವಲ್ಪ ಹೆಚ್ಚಾದರೂ ಅಲ್ಲೇ ಇರಿ. ನವೆಂಬರಿನ ಚಲನಚಿತ್ರೋತ್ಸವ, ಡಿಸೆಂಬರ್ 3ರ ಸಂತ ಫ್ರಾನ್ಸಿಸ್ ಝೇವಿಯರ್ ಹಬ್ಬ, ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ವಾರ: ಈ ದಿನಗಳಲ್ಲಿ ಪಣಜಿಯ ಕೋಣೆ ದರ ನೋಡಿದರೆ ಕಾರವಾರ ತಾನಾಗಿ ಗೆಲ್ಲುತ್ತದೆ.

ಪಣಜಿಗೆ ರೈಲು

ಚಂದದಲ್ಲಿ ಇದೇ ಮೇಲು, ಹೊತ್ತಿನ ಲೆಕ್ಕದಲ್ಲಿ ಇದೇ ಕೆಳಗೆ. ಹುಬ್ಬಳ್ಳಿ, ಧಾರವಾಡ, ಲೋಂಡಾ, ಕ್ಯಾಸಲ್‌ರಾಕ್, ಕುಳೆಂ, ಮಡಗಾಂವ, ವಾಸ್ಕೋ. ಪಣಜಿ ಊರಿಗೆ ಈ ಹಳಿ ಹೋಗುವುದೇ ಇಲ್ಲ.

ಕ್ಯಾಸಲ್‌ರಾಕ್-ಕುಳೆಂ ನಡುವಿನ ಘಾಟಿಯ ಇಳಿಜಾರು 37ಕ್ಕೆ 1. ಅಂದರೆ 37 ಮೀಟರ್ ಸಾಗುವಷ್ಟರಲ್ಲಿ ಒಂದು ಮೀಟರ್ ಇಳಿತ, ರೈಲಿಗೆ ಇದು ಬಹಳ ಕಡಿದು. ಇಳಿಯುವ ಮೊದಲು ಕ್ಯಾಸಲ್‌ರಾಕ್‌ನಲ್ಲಿ ಬ್ರೇಕ್ ಪರೀಕ್ಷೆ, ವಾಪಸ್ ಬರುವಾಗ ಕುಳೆಂನಲ್ಲಿ ಹೆಚ್ಚುವರಿ ಎಂಜಿನ್ ಜೋಡಣೆ. ಗಾಡಿ ನಿಂತಲ್ಲೇ ನಿಂತಿತೆಂದು ಗಾಬರಿಯಾಗುವವರಿಗೆ ಕಾರಣ ಇಷ್ಟೇ. ಈ ತಡವನ್ನು ವೇಳಾಪಟ್ಟಿಯಲ್ಲೇ ಸೇರಿಸಿರುತ್ತಾರೆ. ದೂಧಸಾಗರದ ಬಳಿ ಗಾಡಿ ನಿಧಾನವಾದರೂ ಹಳಿಗೆ ಇಳಿಯುವಂತಿಲ್ಲ, ರೈಲ್ವೆ ಪೊಲೀಸರು ಹಿಡಿಯುತ್ತಾರೆ. 310 ಮೀಟರ್ ಎತ್ತರದ ಜಲಪಾತ ಕಿಟಕಿಯಿಂದಲೇ ಚೆನ್ನಾಗಿ ಕಾಣುತ್ತದೆ.

ಗಾಡಿಗಳಲ್ಲಿ ಎರಡನ್ನು ಹೋಲಿಸಬೇಕು. ಹೌರಾದಿಂದ ಬರುವ ಅಮರಾವತಿ ಎಕ್ಸ್‌ಪ್ರೆಸ್ ವಾರಕ್ಕೆ ನಾಲ್ಕು ದಿನ, ಹಗಲು ಹೊತ್ತಿಗೆ ಘಾಟಿ ಇಳಿಯುತ್ತದೆ. ಗದಗಿನವರಿಗಂತೂ ಮನೆ ಬಾಗಿಲಿಂದಲೇ ಸಿಕ್ಕಂತೆ. ಆದರೆ ಅದು ದೇಶದ ಆ ತುದಿಯಿಂದ ಬರುವ ಗಾಡಿ. "ಇನ್ನೂ ಬಳ್ಳಾರಿ ಬಿಟ್ಟಿಲ್ರೀ" ಎಂಬ ಮಾತು ಹುಬ್ಬಳ್ಳಿ ಪ್ಲಾಟ್‌ಫಾರ್ಮಿನಲ್ಲಿ ಹೊಸದಲ್ಲ. ಹೊರಡುವ ಮುನ್ನ ಗಾಡಿ ಗುಂತಕಲ್ ದಾಟಿದ ಹೊತ್ತು ನೋಡಿಕೊಂಡೇ ಮನೆ ಬಿಡಿ. ಯಶವಂತಪುರ-ವಾಸ್ಕೋ ಎಕ್ಸ್‌ಪ್ರೆಸ್ ಪ್ರತಿದಿನ ಇದೆ, ರಾತ್ರಿ ಹುಬ್ಬಳ್ಳಿ ಬಿಟ್ಟು ನಸುಕಿಗೆ ಗೋವಾ ಸೇರುತ್ತದೆ. ಜಲಪಾತ ಕತ್ತಲಲ್ಲೇ ಕಳೆದುಹೋಗುತ್ತದೆ, ಬದಲಿಗೆ ಎರಡು ಪೂರ್ತಿ ಹಗಲು ಕೈಯಲ್ಲಿ ಉಳಿಯುತ್ತವೆ. ಶುಕ್ರವಾರ ರಾತ್ರಿ ಹತ್ತಿ ಭಾನುವಾರ ರಾತ್ರಿ ವಾಸ್ಕೋದಿಂದ ಅದೇ ಗಾಡಿ ಹಿಡಿದರೆ ಸೋಮವಾರದ ಕೆಲಸಕ್ಕೂ ಸರಿಹೋಗುತ್ತದೆ. ಒಂದೇ ರಾತ್ರಿ ಕೋಣೆ ಬಾಡಿಗೆ ಬೇರೆ.

ಈ ರಾತ್ರಿ ಗಾಡಿಯಲ್ಲಿ ಮಡಗಾಂವಕ್ಕೆ ಟಿಕೆಟ್ ತೆಗೆಯುವುದೇ ಎಲ್ಲರೂ ಮಾಡುವ ಎಡವಟ್ಟು. ಇನ್ನೂ ಕತ್ತಲಿರುವಾಗ ಇಳಿಯುತ್ತೀರಿ, ಕದಂಬ ನಿಲ್ದಾಣ ಅಲ್ಲಿಂದ ಊರಿನ ಇನ್ನೊಂದು ಬದಿಗೆ, ಪಣಜಿಯ ಶಟಲ್ ಬಸ್ಸು ಶುರುವಾಗುವುದು ಬೆಳಗಾದ ಮೇಲೆ. ವಾಸ್ಕೋವರೆಗೆ ಟಿಕೆಟ್ ಇರಲಿ. ಅದು ಕೊನೆಯ ನಿಲ್ದಾಣ, ನಿದ್ದೆಯಲ್ಲಿ ಮುಂದೆ ಹೋಗುವ ಭಯವಿಲ್ಲ, ನಿಲ್ದಾಣ ಊರ ನಡುವೆಯೇ ಇದೆ, ಬಸ್ಸಿಗೆ ನಡೆದು ಹೋಗಬಹುದು. ಎರಡೂ ಕಡೆಯಿಂದ ಪಣಜಿಗೆ ಮೂವತ್ತು ಕಿ.ಮೀ. ಚಿಲ್ಲರೆ. ಹಿಂದೆ ಝುವಾರಿ ಸೇತುವೆಯ ಬಳಿ ವಾಹನ ಸಾಲುಗಟ್ಟುತ್ತಿತ್ತು. 2022ರ ಡಿಸೆಂಬರಿನಲ್ಲಿ ಹೊಸ ಸೇತುವೆ ತೆರೆದ ಮೇಲೆ ಆ ಕಾಟ ಬಹಳ ಕಡಿಮೆಯಾಗಿದೆ.

ಮುಂಗಡ ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ. ತಪ್ಪಿದರೆ ಹಿಂದಿನ ದಿನದ ತತ್ಕಾಲ್, ಎಸಿಗೆ ಬೆಳಗ್ಗೆ 10, ಸ್ಲೀಪರ್‌ಗೆ 11. ಹುಬ್ಬಳ್ಳಿಯಲ್ಲಿ ಗಾಡಿ ಎಂಟನೇ ಪ್ಲಾಟ್‌ಫಾರ್ಮಿಗೆ ಬಂದರೆ ಬೋಗಿಯ ಜಾಗ ಮೊದಲೇ ನೋಡಿಕೊಳ್ಳಿ. 1,507 ಮೀಟರ್ ಉದ್ದದ ವಿಶ್ವದಾಖಲೆ ಚೀಲ ಎಳೆಯುವವರಿಗೆ ಹೆಮ್ಮೆ ತರುವುದಿಲ್ಲ.

ಯಾರಿಗೆ ಯಾವುದು

ಒಂದೇ ರಾತ್ರಿ, ಮನೆಮಂದಿ, ಹಿರಿಯರು ಜೊತೆಗಿದ್ದರೆ ಕಾರವಾರ. ಗಾಡಿ ಬದಲಿಸುವ ಕೆಲಸವಿಲ್ಲ, ಮಾತಾಡಲು ಕನ್ನಡ ಸಾಕು, ಹತ್ತು ನಿಮಿಷಕ್ಕೆ ಕಡಲು. ಇಬ್ಬರು-ಮೂವರು ಕಾಲಾಡಿಸುವವರಾದರೆ, ಓಣಿ-ನದಿ-ಚರ್ಚು ಇಷ್ಟವಿದ್ದರೆ ಪಣಜಿ, ಅದೂ ರಾತ್ರಿ ರೈಲಿನಲ್ಲಿ. ಹಗಲು ಬಸ್ಸಿನ ಪಣಜಿ ನಡುವೆ ಸಿಕ್ಕಿಬೀಳುತ್ತದೆ: ಶನಿವಾರದ ಮಧ್ಯಾಹ್ನ ಮುಟ್ಟಿ ಭಾನುವಾರ ಮಧ್ಯಾಹ್ನಕ್ಕೇ ಗಡಿಯಾರ ನೋಡಬೇಕು. ಬೀಚಿನಲ್ಲಿ ಈಜುವುದೇ ಗುರಿಯಾದರೆ ಎರಡೂ ಊರು ಬೇಡ. ಮೀರಾಮಾರ್ ಮಾಂಡೋವಿ ಕಡಲಿಗೆ ಸೇರುವ ಜಾಗ, ಕಾರವಾರದ ತೀರದ ಉತ್ತರ ತುದಿಯಲ್ಲಿ ಕಾಳಿಯ ಸೆಳೆತ.

ಹಾವೇರಿಯವರಿಗೆ ಒಂದು ಮಾತು: ಶಿರಸಿ-ಕುಮಟಾ ಮೇಲೆ ಕಾರವಾರ ಹತ್ತಿರ ಕಂಡರೂ ದೇವಿಮನೆ ಘಾಟಿಯ ರಸ್ತೆ ಸ್ಥಿತಿ ಕೇಳಿಕೊಂಡೇ ಹೊರಡಿ, ಇಲ್ಲವಾದರೆ ಹುಬ್ಬಳ್ಳಿಗೆ ಬಂದು ಹೋಗುವುದೇ ಲೇಸು.

ಜೂನ್-ಜುಲೈ ಎರಡಕ್ಕೂ ಒಳ್ಳೆಯದಲ್ಲ. ಎರಡು ತಿಂಗಳು ಮೀನುಗಾರಿಕೆ ನಿಷೇಧ, ತಟ್ಟೆಗೆ ಬರುವುದು ಮಂಜುಗಡ್ಡೆಯ ಮೀನು. 2025ರ ಜುಲೈನಲ್ಲಿ ಅನಮೋಡ ಘಾಟಿಯಲ್ಲಿ ರಸ್ತೆ ಕುಸಿದಾಗ ದೊಡ್ಡ ವಾಹನಗಳನ್ನು ತಡೆದರು. ಅಣಶಿ ಘಾಟಿ ಮಳೆಗೆ ಬಂದ್ ಆಗುವುದು ಹಳೇ ಸುದ್ದಿ, ದಾಂಡೇಲಿ-ಜೋಯಿಡಾ ಮಾರ್ಗದ ಕಾರವಾರ ಬಸ್ಸು ಆಗ ಬೇಡ.

ವಾಪಸಿಗೆ: ಕಾರವಾರದಲ್ಲಿ ಇಳಿದ ಕೂಡಲೇ ವಿಚಾರಣೆ ಕಿಟಕಿಯಲ್ಲಿ ಮರುದಿನದ ಕೊನೆಯ ನೇರ ಬಸ್ಸಿನ ಹೊತ್ತು ಬರೆದುಕೊಳ್ಳಿ. ಅದು ತಪ್ಪಿದರೆ ಅಂಕೋಲಾಕ್ಕೆ ಬನ್ನಿ, ಮಂಗಳೂರು, ಕುಮಟಾ ಕಡೆಯಿಂದ ಹುಬ್ಬಳ್ಳಿಗೆ ಹೋಗುವ ಗಾಡಿಗಳು ಅಲ್ಲಿ ಸಿಗುತ್ತವೆ. ಪಣಜಿಯಿಂದ ಬರುವವರು ಅನಮೋಡ ಚೆಕ್‌ಪೋಸ್ಟಿನ ತಪಾಸಣೆಗೆ ಹೊತ್ತು ಇಟ್ಟುಕೊಳ್ಳಿ. ಪರವಾನಗಿ ಇಲ್ಲದ ಬಾಟಲಿ ಒಬ್ಬರ ಚೀಲದಲ್ಲಿ ಸಿಕ್ಕರೆ ಇಡೀ ಬಸ್ಸು ಕಾಯುತ್ತದೆ.