ನಲಿ-ಕಲಿ ಕಾರ್ಡು, ಏಣಿ, ತಟ್ಟೆ: ನಮ್ಮ ಕಡೆಯ ಶಾಲೆಗಳಿಗೆ ಎಷ್ಟು ಒಗ್ಗುತ್ತದೆ?

ಮಗು ಎಲ್ಲಿ ನಿಂತಿದೆಯೋ ಅಲ್ಲಿಂದ ಪಾಠ ಶುರುವಾಗಬೇಕು ಎಂದು ನಂಬುವ ಶಿಕ್ಷಕರಿಗೆ ಸರ್ಕಾರಿ ಶಾಲೆಯಲ್ಲಿ ನಲಿ-ಕಲಿಗಿಂತ ಒಳ್ಳೆಯ ಸಾಧನವಿಲ್ಲ. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕುಳಿತು, ಏಣಿ ಎಂಬ ಕಲಿಕೆಯ ಕ್ರಮದ ಪಟ್ಟಿಯಂತೆ ಒಂದೊಂದೇ ಕಾರ್ಡು ಮುಗಿಸುತ್ತಾ ತಮ್ಮ ತಮ್ಮ ವೇಗದಲ್ಲಿ ಕಲಿಯುವ ಪದ್ಧತಿ ಇದು. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಹುಟ್ಟಿದ ಪದ್ಧತಿಯಾದರೂ ಇದರ ಬೆಲೆ ಚೆನ್ನಾಗಿ ಗೊತ್ತಾಗುವುದು ರಾಯಚೂರು, ಕೊಪ್ಪಳದ ಹಳ್ಳಿಗಳಲ್ಲಿ. ಗುಳೆ ಹೋದ ಮನೆಯ ಮಗು ಎರಡು-ಮೂರು ತಿಂಗಳು ಬಿಟ್ಟು ಬಂದರೆ ಪುಸ್ತಕ ಹಿಡಿದು ನಡೆಯುವ ತರಗತಿ ಮುಂದೆ ಹೋಗಿರುತ್ತದೆ. ನಲಿ-ಕಲಿಯಲ್ಲಾದರೆ ಪ್ರಗತಿ ನೋಟದಲ್ಲಿ, ಅಂದರೆ ಪ್ರತಿ ಮಗುವಿನ ಕಲಿಕೆ ಗುರುತಿಸುವ ಪಟ್ಟಿಯಲ್ಲಿ, ಅದು ಮುಗಿಸಿದ ಕೊನೆಯ ಹಂತ (ಮೈಲಿಗಲ್ಲು) ಇರುತ್ತದೆ. ಅಲ್ಲಿಂದ ನಾಲ್ಕೈದು ಕಾರ್ಡು ಹಿಂದೆ ಹೋಗಿ ಓದಿಸಿ ನೋಡಬೇಕು. ತಡವರಿಸಿದ ಕಾರ್ಡಿನಿಂದ ಮತ್ತೆ ಶುರು ಮಾಡಬೇಕು. ನೇರವಾಗಿ ಮುಂದಿನ ಕಾರ್ಡು ಕೊಟ್ಟರೆ ಮಗು ಚಿತ್ರ ನೋಡಿ ಊಹೆಯಿಂದ ಓದುತ್ತದೆ.

ಅಕ್ಷರಗಳ ಕ್ರಮವೇ ಇದರ ದೊಡ್ಡ ಗುಣ. ಅ ಆ ಇ ಈ ಎಂದು ಹೋಗದೆ ರ, ಗ, ಸ, ದ, ಅ ಎಂದು ಆರಂಭವಾಗುತ್ತದೆ. ಐದೇ ಅಕ್ಷರಕ್ಕೆ ಸರ, ಅರಸ, ಅಗಸ, ಗರಗಸ ಓದಲು ಬರುತ್ತದೆ. ಆದರೆ ಮನೆಯಲ್ಲಿ ತೆಲುಗು, ಉರ್ದು, ಲಂಬಾಣಿ ಆಡುವ ಮಕ್ಕಳಿಗೆ ಓದು ಬಂದರೂ ಅರ್ಥ ಬಂದಿರುವುದಿಲ್ಲ. ಕಾರ್ಡು ಕೊಡುವ ಮುಂಚೆ ಆ ಪದಗಳನ್ನು ವಸ್ತು ತೋರಿಸಿ, ಅಭಿನಯ ಮಾಡಿ, ಮಾತಿನಲ್ಲಿ ಆಡಿಸಲೇಬೇಕು. ಗರಗಸವನ್ನು ಬಡಗಿಯ ಮನೆಯಿಂದ ತಂದು ತೋರಿಸಿದರೆ ಹತ್ತು ನಿಮಿಷದ ಕೆಲಸ, ಆದರೆ ವರ್ಷವಿಡೀ ನೆನಪಿರುತ್ತದೆ.

ಶಿಕ್ಷಕರ ಪೂರ್ಣ ಸಹಾಯದಿಂದ ಸ್ವಂತ ಕಲಿಕೆಯವರೆಗೆ, ಬೇಕಾದ ಸಹಾಯಕ್ಕೆ ತಕ್ಕಂತೆ ಮಕ್ಕಳನ್ನು ಗುಂಪಾಗಿ ಕೂರಿಸುವ ಐದು ತಟ್ಟೆಗಳ ವ್ಯವಸ್ಥೆ ಕಾಗದದ ಮೇಲೆ ಚಂದ. ತರಗತಿಯಲ್ಲಿ ಕೆಡುವುದೂ ಇಲ್ಲಿಯೇ. ಶಿಕ್ಷಕರು ಪೂರ್ಣ ಸಹಾಯದ ತಟ್ಟೆಯಲ್ಲೇ ಕುಳಿತುಬಿಡುತ್ತಾರೆ, ಗೆಳೆಯರ ಸಹಾಯದ ತಟ್ಟೆಯಲ್ಲಿ ಒಂದು ಮಗು ಬರೆದಿದ್ದನ್ನು ಉಳಿದವರು ನೋಡಿ ಬರೆಯುತ್ತಾರೆ. ಮೊದಲ ತಟ್ಟೆಯಲ್ಲಿ ಆರಕ್ಕಿಂತ ಹೆಚ್ಚು ಮಕ್ಕಳು ಬೇಡ. ಎಂಟು-ಹತ್ತು ನಿಮಿಷಕ್ಕೊಮ್ಮೆ ಎದ್ದು ಒಂದು ಸುತ್ತು ಹಾಕಬೇಕು. ನೋಡಿ ಬರೆಯುವ ಮಗುವಿನ ಕಾರ್ಡನ್ನು ಮಗುಚಿಟ್ಟು, ಅದೇ ಪದವನ್ನು ಗೋಡೆಹಲಗೆಯ ಮೇಲೆ ಬರೆಸಿದರೆ ನಿಜ ತಿಳಿಯುತ್ತದೆ. ಇಷ್ಟು ಮಾಡದೆ ಪ್ರಗತಿ ನೋಟದಲ್ಲಿ ಗುರುತು ಹಾಕುವುದು ಮಗುವಿಗೆ ಮಾಡುವ ಅನ್ಯಾಯ.

ಕಾರ್ಡುಗಳು ಬಾಳಿಕೆಯಲ್ಲಿ ಸಾಧಾರಣ. ಧೂಳು, ಬೆವರುಗೈ ತಾಗಿ ಮೊದಲು ಮೂಲೆಗಳು ಬಿಚ್ಚಿಕೊಳ್ಳುತ್ತವೆ. ಬಂದ ದಿನವೇ ನಾಲ್ಕೂ ಅಂಚಿಗೆ ಅಗಲದ ಪಾರದರ್ಶಕ ಟೇಪು ಸುತ್ತಿ. ಒಂದು ಕಾರ್ಡು ಕಳೆದರೆ ಏಣಿಯಲ್ಲಿ ಒಂದು ಮೆಟ್ಟಿಲೇ ಹೋದಂತೆ, ಮಕ್ಕಳು ಅದನ್ನು ಹಾರಿ ಮುಂದೆ ಹೋಗಿಬಿಡುತ್ತಾರೆ. ಹಾಗಾಗಿ ಲೋಗೋ (ಚಟುವಟಿಕೆಯ ಬಗೆ ಸೂಚಿಸುವ ಚಿತ್ರ) ಪ್ರಕಾರ ಬೇರೆ ಬೇರೆ ಚೀಲ ಮಾಡಿ, ಶನಿವಾರ ಎಣಿಸಿ, ಕಳೆದದ್ದನ್ನು ಡ್ರಾಯಿಂಗ್ ಶೀಟಿನ ಮೇಲೆ ಅದೇ ಸಂಖ್ಯೆ, ಲೋಗೋ ಹಾಕಿ ಬರೆದಿಡಿ. ಎಣಿಸುವ ಕೆಲಸ ಮೂರನೇ ತರಗತಿಯ ಮಕ್ಕಳು ಚೆನ್ನಾಗಿ ಮಾಡುತ್ತಾರೆ.

ತರಗತಿಯಲ್ಲಿ ತಲೆಯ ಮೇಲೆ ಕಟ್ಟುವ ದಾರಗಳ ಚಪ್ಪರ, ದಿನದ ಹವಾಮಾನ ಗುರುತಿಸುವ ನಕ್ಷೆಗಳು ಚೆಲುವಾಗಿವೆ. ಚಪ್ಪರಕ್ಕೆ ಮಕ್ಕಳು ಮಾಡಿದ್ದನ್ನೇ ತೂಗುಹಾಕಿ.

ಒಬ್ಬರೇ ಶಿಕ್ಷಕರು ಐದೂ ತರಗತಿ ನೋಡುವ ಶಾಲೆಯಲ್ಲಿ ಇದು ಪೂರ್ತಿಯಾಗಿ ನಡೆಯುವುದಿಲ್ಲ. ಅಲ್ಲಿ ಕನ್ನಡ ಮತ್ತು ಗಣಿತದ ಕಾರ್ಡುಗಳನ್ನಾದರೂ ಬೆಳಗಿನ ಹೊತ್ತು ಬಿಡದೆ ನಡೆಸಿ, ನಾಲ್ಕು-ಐದನೇ ತರಗತಿಗೆ ಆ ವೇಳೆ ಬರವಣಿಗೆಯ ಕೆಲಸ ಕೊಡುವುದು ಒಳ್ಳೆಯದು.